ವಕೀಲರ ಫೀಸಿಗೂ ವಿಮೆ ಉಂಟೇ? ಅಂಬೇವಾಡಿ ಅಂಗಡಿಕಾರರ ಪ್ರಶ್ನೆ

ಅಂಬೇವಾಡಿ: ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಇಲ್ಲಿಯ ಕಿರಾಣಿ ಅಂಗಡಿಕಾರರೊಬ್ಬರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಕೈಯ ರೊಕ್ಕ ಕಳಕೊಂಡು ಕೂತಿದ್ದಾರೆ.

ನಡೆದದ್ದು ಇಷ್ಟೇ. ಮಳೆಗಾಲ. ಅಂಗಡಿ ಮುಂದಿನ ಫರಸಿ ಕಲ್ಲಿಗೆ ಪಾಚಿ ಹಿಡಿದಿತ್ತು. ಎಣ್ಣೆ ಒಯ್ಯಲು ಬಂದ ಗಿರಾಕಿಯೊಬ್ಬರು ಜಾರಿ ಬಿದ್ದರು, ಕೈ ಮುರಿಯಿತು. ಕೆಲವು ದಿವಸಕ್ಕೆ ವಕೀಲರ ನೋಟೀಸು ಬಂತು. ಅಂಗಡಿಯವರು ಗಾಬರಿಬಿದ್ದು, ‘ತಪ್ಪು ನನ್ನದೇ, ಖರ್ಚೆಲ್ಲ ಕೊಡುತ್ತೇನೆ’ ಎಂದು ಕಾಗದಕ್ಕೆ ಸಹಿ ಹಾಕಿಕೊಟ್ಟರು. ತಮ್ಮ ಕಡೆಯ ವಕೀಲರಿಗೂ ಕೈಯಿಂದಲೇ ಫೀಸು ಕೊಟ್ಟರು.

ಆಮೇಲೊಂದು ದಿನ ಗಲ್ಲಾದ ತಳ ಕೊಡವಿದಾಗ ಅಂಗಡಿಯ ವಿಮಾ ಪಾಲಿಸಿ ಹೊರಬಿತ್ತು. ಬ್ಯಾಂಕಿನ ಸಾಲ ತೆಗೆಯುವಾಗ ಮಾಡಿಸಿದ್ದು. ಬೆಂಕಿ, ಕಳವು ಇಷ್ಟಕ್ಕೇ ಅಂತ ತಿಳಿದಿದ್ದರು. ಗೊತ್ತಿದ್ದವರಿಂದ ಓದಿಸಿ ನೋಡಿದರೆ, ಅಂಗಡಿಗೆ ಬಂದವರಿಗೆ ಪೆಟ್ಟಾದರೆ ಕೊಡಬೇಕಾಗುವ ಪರಿಹಾರ ಮತ್ತು ಅದರ ಕೋರ್ಟು ಖರ್ಚು, ಎರಡಕ್ಕೂ ಅದರಲ್ಲೊಂದು ವಿಭಾಗ! ಅದರ ಕಂತನ್ನೂ ವರ್ಷ ವರ್ಷ ಕಟ್ಟಿದ್ದಾರೆ! ಕಂಪನಿಗೆ ಓಡಿದರು. ‘ನಮ್ಮನ್ನು ಕೇಳದೆ ತಪ್ಪು ಒಪ್ಪಿ ಸಹಿ ಹಾಕಿದ್ದೀರಿ, ಷರತ್ತು ಓದಿ’ ಎಂದು ಅಲ್ಲಿಂದ ಉತ್ತರ ಬಂತು.

‘ಹಂಗಾರ ವಕೀಲರ ಫೀಸಿಗೂ ಇನ್ಶೂರೆನ್ಸ್ ಇರ್ತದೇನ್ರೀ ಅಣ್ಣಾವ್ರ? ಇಷ್ಟ ದಿನ ಒಬ್ರೂ ಹೇಳಲಿಲ್ಲಲ್ರೀ’ ಎಂದು ಅವರು ನಮ್ಮನ್ನು ಕೇಳಿದರು. ಈ ಪ್ರಶ್ನೆ ಪೇಟೆಯ ಅನೇಕರದು. ಆದ್ದರಿಂದ ವಿಚಾರಿಸಿ ಬರೆಯುತ್ತಿದ್ದೇವೆ.

ಪರದೇಶದ ಪದ್ಧತಿ

ಕೋರ್ಟು ಖರ್ಚಿಗೆಂದೇ ಬೇರೆ ವಿಮೆ ಮಾಡಿಸುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಜರ್ಮನಿಯಲ್ಲಿ ಇದಕ್ಕೆಂದೇ ಒಂದು ಕಂಪನಿ 1928ರಲ್ಲಿ ಹುಟ್ಟಿತು. ಸ್ವೀಡನ್ನಿನಲ್ಲಿ ಮನೆಯ ವಿಮೆಯಲ್ಲಿಯೇ ಇದು ಸೇರಿರುತ್ತದೆ. ಕೋರ್ಟಿಗೆ ಹೋಗುವಾಗ ವಕೀಲರನ್ನು ಪಾಲಿಸಿದಾರನೇ ಆರಿಸಿಕೊಳ್ಳಬಹುದು ಎಂದು ಯುರೋಪಿನ ದೇಶಗಳ ಒಕ್ಕೂಟ 1987ರಲ್ಲಿ ನಿಯಮ ಮಾಡಿತು.

ಇಂಥ ಪಾಲಿಸಿಯಲ್ಲಿ ಸಾಮಾನ್ಯವಾಗಿ ಸಿಗುವುದು ವಕೀಲರ ಫೀಸು, ಕೋರ್ಟು ಶುಲ್ಕ, ಸಾಕ್ಷಿ ಹಾಗೂ ತಜ್ಞರ ಖರ್ಚು, ಸೋತರೆ ಎದುರು ಪಾರ್ಟಿಗೆ ಕೊಡಬೇಕಾದ ಖರ್ಚು. ಅದೂ ಪಾಲಿಸಿಯಲ್ಲಿ ಬರೆದ ಮೊತ್ತದವರೆಗೆ ಮಾತ್ರ. ಸಿಗದಿರುವುದು? ಬೇಕೆಂದೇ ಮಾಡಿದ ತಪ್ಪು, ಕೋರ್ಟು ಹಾಕಿದ ದಂಡ, ಬಹುತೇಕ ಪಾಲಿಸಿಗಳಲ್ಲಿ ಗಂಡ-ಹೆಂಡಿರ ಸೋಡಚೀಟಿ. ಮುಖ್ಯವಾಗಿ, ಪಾಲಿಸಿಗಿಂತ ಮೊದಲೇ ಹುಟ್ಟಿದ ಜಗಳ. ಮನೆಗೆ ಬೆಂಕಿ ಹತ್ತಿದ ಮೇಲೆ ವಿಮೆ ಯಾರು ಕೊಟ್ಟಾರು? ಇನ್ನೂ ಒಂದುಂಟು. ಕೇಸು ಗೆಲ್ಲುವ ಲಕ್ಷಣವಿಲ್ಲ ಎಂದು ಕಂಡರೆ ಕಂಪನಿ ಕೈ ಎತ್ತಬಹುದು.

ನಮ್ಮಲ್ಲಿ ಇರುವುದು ತುಂಡು ತುಂಡು

ಇಂಥ ಬೇರೆ ಪಾಲಿಸಿ ನಮ್ಮ ಕಡೆ ಕಾಣುವುದೇ ಅಪರೂಪ. ಆದರೆ ಅದರ ತುಂಡುಗಳು ನಮ್ಮ ನಿಮ್ಮ ಮನೆಯ ಪಾಲಿಸಿಗಳಲ್ಲಿಯೇ ಅಡಗಿವೆ.

ಮೊದಲನೆಯದು ವಾಹನದ ವಿಮೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹಳಿಯಾಳ ರಸ್ತೆಯಲ್ಲಿ ನಿಮ್ಮ ಬೈಕು ಒಬ್ಬರಿಗೆ ತಾಗಿ, ಅವರು ಪರಿಹಾರಕ್ಕೆ ದಾವೆ ಹಾಕಿದರೆ, ಕಂಪನಿಯೇ ವಕೀಲರನ್ನಿಟ್ಟು ವಾದ ಮಾಡುತ್ತದೆ. ಆದರೆ ಚಾಲಕನ ಮೇಲೆ ಪೋಲೀಸರು ಹಾಕುವ ಕೇಸು ಬೇರೆ. ಆ ಜಾಮೀನು, ಆ ವಕೀಲರು, ಆ ದಂಡ, ಎಲ್ಲವೂ ನಿಮ್ಮ ಕಿಸೆಯಿಂದ. ಲೈಸೆನ್ಸಿಲ್ಲದ ಹುಡುಗನ ಕೈಗೆ ಗಾಡಿ ಕೊಟ್ಟಿದ್ದರೆ, ಗಾಯಾಳುವಿಗೆ ಕೊಟ್ಟ ಹಣವನ್ನೂ ಕಂಪನಿ ನಿಮ್ಮಿಂದ ವಸೂಲು ಮಾಡಬಹುದು.

ಎರಡನೆಯದು ಅಂಗಡಿಕಾರರ ಪಾಲಿಸಿ. ಇದರಲ್ಲಿ ಬೆಂಕಿ, ಕಳವು, ನಗದು, ಕನ್ನಡಿ-ಗಾಜು ಹೀಗೆ ಹಲವು ವಿಭಾಗಗಳು. ‘ಪಬ್ಲಿಕ್ ಲಯಬಿಲಿಟಿ’ ಎಂದಿರುವುದು ಗಿರಾಕಿಗೆ ಪೆಟ್ಟಾದಾಗಿನದು. ಆಳುಗಳಿಗೆ ಪೆಟ್ಟಾದರೆ ಕೊಡುವ ಪರಿಹಾರದ ವಿಭಾಗ ಬೇರೆ. ಯಾವ ವಿಭಾಗಕ್ಕೆ ಕಂತು ಕಟ್ಟಿದ್ದೀರೋ ಅದಷ್ಟೇ ನಿಮ್ಮದು. ಬಾಡಿಗೆ ಜಗಳ, ಉದ್ರಿ ವಸೂಲಿ, ಅಣ್ಣ-ತಮ್ಮಂದಿರ ಹಿಸೆ ಇವು ಅದರಲ್ಲಿ ಬರುವುದಿಲ್ಲ.

ಮೂರನೆಯದು ಹೊಸದು, ಸೈಬರ್ ವಿಮೆ. ಫೋನಿನಲ್ಲಿ ಮೋಸ ಹೋದವರ ಕಾನೂನು ಖರ್ಚನ್ನೂ ಕೆಲವು ಪಾಲಿಸಿಗಳು ಕೊಡುತ್ತವೆ. ಷರತ್ತು ಓದಿಯೇ ಕೊಳ್ಳಬೇಕು.

ಬಸ್ಸಿನವರ ಗಮನಕ್ಕೆ

ದಿನಾ ಬಸ್ಸಿಗೆ ಅಲೆಯುವವರು ಕೇಳಬಹುದು, ನಮ್ಮ ಗತಿ ಏನು ಎಂದು. ಬೇರೆ ನಿಧಿ ಇಟ್ಟುಕೊಂಡ ಸರಕಾರಿ ಸಾರಿಗೆ ಸಂಸ್ಥೆಗೆ ವಿಮೆಯಿಂದ ವಿನಾಯಿತಿ ಕೊಡಲು ಅದೇ 146ನೇ ಕಲಮಿನಲ್ಲಿ ಅವಕಾಶವಿದೆ. ವಿನಾಯಿತಿ ಇದ್ದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದೇ. ಆದ್ದರಿಂದ ಟಿಕೇಟು ಎಸೆಯಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೇಟೂ ಟಿಕೇಟೇ. ಬಸ್ಸಿನಲ್ಲಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಕಂತಿಲ್ಲದ ವಿಮೆ

ಪಾಲಿಸಿಯೇ ಇಲ್ಲದವರು ಏನು ಮಾಡಬೇಕು? ಅವರಿಗೆ ಸರಕಾರದ್ದೇ ಒಂದು ವ್ಯವಸ್ಥೆ ಇದೆ, ಜನಕ್ಕೆ ಗೊತ್ತಿಲ್ಲ. ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ಕಲಮು ಸೇರಿತು. ಅದರ ಮೇಲೆ ಬಂದ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಇದರ 12ನೇ ಕಲಮನ್ನು ಗಮನಿಸಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಜೊತೆಗೆ ಕೈಗಾರಿಕಾ ಕಾರ್ಮಿಕರು. ಇವರ ಆದಾಯ ಎಷ್ಟಿದ್ದರೂ ಸರಿ, ವಕೀಲರು ಪುಕ್ಕಟೆ. ಉಳಿದವರಿಗೆ ಆದಾಯದ ಮಿತಿ ಉಂಟು.

ಕಾಗದ ಗಿರಣಿಯ ಈ ಊರಿನಲ್ಲಿ ಕಾರ್ಮಿಕರ ಮನೆಗಳೆಷ್ಟು! ಅವರ ಪೈಕಿ ಎಷ್ಟು ಜನರಿಗೆ ಇದು ಗೊತ್ತು?

ಅರ್ಜಿಯನ್ನು ತಾಲೂಕು ಕಾನೂನು ಸೇವಾ ಸಮಿತಿಗೋ ಕಾರವಾರದ ಜಿಲ್ಲಾ ಪ್ರಾಧಿಕಾರಕ್ಕೋ ಕೊಡಬೇಕು. 15100 ನಂಬರಿಗೆ ಫೋನು ಮಾಡಿಯೂ ಕೇಳಬಹುದು. ಮೇಲುನೋಟಕ್ಕಾದರೂ ಕೇಸಿನಲ್ಲಿ ಹುರುಳಿರಬೇಕು ಎಂಬುದೊಂದೇ ನಿಯಮ. ಕೋರ್ಟಿನಲ್ಲಿದ್ದ ಕೇಸು ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು. ಆದರೆ ಆ ತೀರ್ಮಾನದ ಮೇಲೆ ಅಪೀಲು ಇಲ್ಲ, ನೆನಪಿರಲಿ.

ಇಂದು ರಾತ್ರಿಯೇ ಮಾಡುವ ಕೆಲಸ

ಅಂಗಡಿ ಬಾಗಿಲು ಹಾಕುವ ಮೊದಲು ಪಾಲಿಸಿ ಹೊರಗೆ ತೆಗೆಯಿರಿ. ಯಾವ ವಿಭಾಗ, ಎಷ್ಟು ಮೊತ್ತ, ಎಲ್ಲಿಯ ತನಕ ಅವಧಿ, ಓದಿ. ಇಂಗ್ಲೀಷು ಬಾರದಿದ್ದರೆ ಏಜೆಂಟರನ್ನು ಕೂಡ್ರಿಸಿ ಓದಿಸಿ, ಅದು ಅವರ ಕೆಲಸ. ನೋಟೀಸು ಬಂದರೆ ಅಂದೇ ಕಂಪನಿಗೆ ಬರೆದು, ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಬಿದ್ದವರನ್ನು ಆಸ್ಪತ್ರೆಗೆ ಒಯ್ಯಿರಿ, ಅದು ಮನುಷ್ಯಧರ್ಮ. ಆದರೆ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ವಕೀಲರಿಗೆ ರೊಕ್ಕ ಎಣಿಸಬೇಡಿ.

ಕಂಪನಿ ಇಲ್ಲವೆಂದರೆ ಮೊದಲು ಅದಕ್ಕೇ ಲಿಖಿತ ತಕರಾರು ಕೊಡಿ. ಅದನ್ನೂ ತಳ್ಳಿಹಾಕಿದರೆ, ಇಲ್ಲವೇ ತಿಂಗಳಾದರೂ ಉತ್ತರ ಬಾರದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ ಇದ್ದಾರೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಅಲ್ಲಿಯೂ ನಿಮ್ಮ ವಾದ ನೀವೇ ಮಾಡಬಹುದು.

ನಮ್ಮ ಅಂಗಡಿಕಾರರು ಈಗ ತಕರಾರು ಅರ್ಜಿ ಬರೆದು ಕಳಿಸಿದ್ದಾರೆ. ಮೆಟ್ಟಿಲ ಮೇಲೆ ಗೋಣಿಚೀಲ ಹಾಸಿದ್ದಾರೆ. ‘ಇದನ್ನ ಮೊದಲ ಹಾಸಿದ್ರ ಇಷ್ಟೆಲ್ಲ ರಾಮಾಯಣ ಇರ್ತಿರಲಿಲ್ರೀ’ ಎಂದು ತಾವೇ ನಕ್ಕರು. ಕಂಪನಿಯ ಉತ್ತರ ಬಂದ ದಿನ ಇದೇ ಅಂಕಣದಲ್ಲಿ ತಿಳಿಸುತ್ತೇವೆ.