ತಿಗರಿ ಕಲಿಸುವವರು ಎಲ್ಲಿದ್ದಾರೆ?

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಆ ವರುಷದ ವಿದ್ಯೆಯನ್ನು ಕಲಿಯಬೇಕೆಂದು ಹೊರಟವನು ಬೆಂಗಳೂರಿನಂಥ ನಗರದಲ್ಲಿ ಯಾರ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಯನ್ನು ಹೊತ್ತು ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಲೆದುದರ ಫಲವೇ ಈ ಲೇಖನ.

ನನ್ನ ತಾತ ಕುಂಬಾರರು. ತಂದೆಯವರೂ ಎಳೆಯ ವಯಸ್ಸಿನಲ್ಲಿ ತಿಗರಿ ತಿರುಗಿಸಿದವರೇ. ಅಲ್ಯೂಮಿನಿಯಂ, ಸ್ಟೀಲು ಪಾತ್ರೆಗಳು ಮನೆಮನೆಗೂ ಬಂದಮೇಲೆ ತಿಗರಿ ಹಿತ್ತಿಲು ಸೇರಿತು. ತಂದೆಯವರು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಮಣ್ಣನ್ನು ಮುಟ್ಟಲರಿಯದವರಲ್ಲಿಯೂ ನಾನೇ ಮೊದಲಿಗ.

ಹೆಸರನ್ನು ನಂಬಿ ಮೊದಲು ಕುಂಬಾರಪೇಟೆಗೆ ಹೋದೆ. ಅಲ್ಲಿ ಹೆಸರು ಉಳಿದಿದೆ. ತಿಗರಿ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಇಂದು ಅದು ಅಂಗಡಿಗಳ ಬೀದಿ. ವಿಚಾರಿಸುತ್ತ ಹೋದಂತೆ, ಕಲಿಯುವ ಸ್ಥಳಗಳು ಮೂರು ಬಗೆಯವೆಂದು ತಿಳಿಯಿತು.

ಮೊದಲನೆಯವು ಇಂದಿರಾನಗರ, ಕೋರಮಂಗಲ ಮುಂತಾದ ಬಡಾವಣೆಗಳ ಸ್ಟೂಡಿಯೋಗಳು. ಇಲ್ಲಿ ವಿದ್ಯುತ್ತಿನಿಂದ ತಿರುಗುವ ತಿಗರಿಯಿದೆ, ವಿದ್ಯುತ್ತಿನ ಆವಿಗೆಯಿದೆ. ಒಂದು ದಿನದ ಪರಿಚಯವೂ ಉಂಟು, ಕೆಲವು ವಾರಗಳ ಪಾಠವೂ ಉಂಟು. ಹಣ ಕಟ್ಟುವ ಮುನ್ನ ನಾಲ್ಕು ಮಾತು ಕೇಳಬೇಕು: ಒಂದು ತಿಗರಿಗೆ ಎಷ್ಟು ಮಂದಿ? ಮಣ್ಣಿನ ಮತ್ತು ಸುಡುವುದರ ಖರ್ಚು ಶುಲ್ಕದಲ್ಲಿ ಸೇರಿದೆಯೆ? ಮಣ್ಣು ಮಿದಿಯುವುದನ್ನು ಕಲಿಸುವರೆ, ಅಥವಾ ಸಿದ್ಧಮಾಡಿದ ಮುದ್ದೆಯನ್ನೇ ಕೈಗೆ ಕೊಡುವರೆ? ಮಾಡಿದ ಪಾತ್ರೆ ಕೈಗೆ ಬರುವುದು ಯಾವಾಗ? ಒಂದು ಕಡೆ ಒಂದು ದಿನದ ಶುಲ್ಕ ಕೇಳಿ, ನನ್ನ ತಿಂಗಳ ಊಟದ ಖರ್ಚು ನೆನಪಾಗಿ, ನಮಸ್ಕರಿಸಿ ಹೊರಬಂದೆ.

ಎರಡನೆಯದು ಬೆನ್ಸನ್ ಟೌನ್ ಬಳಿಯ ಪಾಟರಿ ಟೌನ್. ಇಲ್ಲಿ ಕುಂಬಾರ ಕುಟುಂಬಗಳು ಇಂದಿಗೂ ಹಣತೆ, ಕುಂಡ, ಗಣಪತಿಗಳನ್ನು ಮಾಡುತ್ತವೆ. ಗಣೇಶನ ಹಬ್ಬ, ದೀಪಾವಳಿಗಳ ಮುಂಚಿನ ತಿಂಗಳುಗಳಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆ ಕಾಲದಲ್ಲಿ ಹೋಗಬಾರದು.

ಮೂರನೆಯದು, ಕಸುಬನ್ನಾಗಿಯೇ ಕಲಿಯಬೇಕೆಂಬವರಿಗೆ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿರುವ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಆದರೆ ಅದು ಈಗಾಗಲೇ ಕಸುಬಿನಲ್ಲಿರುವವರಿಗೆ, ನನ್ನಂಥ ಹೊಸಬರಿಗಲ್ಲ.

ಪಾಟರಿ ಟೌನಿನ ಹಿರಿಯರೊಬ್ಬರು ನನಗೆ ಕಲಿಸಲು ಒಪ್ಪಿದರು. ಮೂರು ದಿನ ತಿಗರಿಯ ಹತ್ತಿರಕ್ಕೂ ಬಿಡಲಿಲ್ಲ. ಮಣ್ಣನ್ನು ಮಿದಿದು ಕಲ್ಲು, ಕಡ್ಡಿ ಆರಿಸುವುದೇ ಕೆಲಸ. “ಯಜಮಾನರೇ, ತಿಗರಿ ಯಾವಾಗ?” ಎಂದರೆ, “ಮಣ್ಣಿಗೆ ಆತುರ ಆಗೋದಿಲ್ಲ, ತಮ್ಮಾ” ಎಂದು ನಕ್ಕರು. ನಾಲ್ಕನೆಯ ದಿನ ಕುಳಿತಾಗ ಅದರ ಅರ್ಥವಾಯಿತು. ಮುದ್ದೆಯನ್ನು ತಿಗರಿಯ ನಟ್ಟನಡುವೆ ನಿಲ್ಲಿಸುವುದೇ ಮೊದಲ ಪರೀಕ್ಷೆ. ನಡುವು ತಪ್ಪಿದರೆ ಗೋಡೆ ಒಂದು ಕಡೆ ತೆಳುವಾಗಿ, ಪಾತ್ರೆ ಓಲಾಡಿ ಕುಸಿಯುತ್ತದೆ. ಎದ್ದು ನಿಂತ ಪಾತ್ರೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಅದು ಉಗಿಯಾಗಿ ಪಾತ್ರೆಯನ್ನೇ ಸಿಡಿಸುತ್ತದೆ. ಸುಡದ ಪಾತ್ರೆ ಕೆಟ್ಟರೆ ನೀರಿಗೆ ಹಾಕಿ ಮತ್ತೆ ಮಣ್ಣು ಮಾಡಬಹುದು. ಸುಟ್ಟ ಮೇಲೆ ಸಾಧ್ಯವಿಲ್ಲ.

ಸ್ಟೂಡಿಯೋಗಳಲ್ಲಿ ಕೆಲವು ಬಗೆಯ ಮಣ್ಣನ್ನು 1200 ಡಿಗ್ರಿಗೂ ಮೀರಿ ಸುಡುತ್ತಾರೆ. ಅದು ಕಲ್ಲಿನಂತೆ ಬಿಗಿಯುವುದರಿಂದ ಕಾಫಿ ಜಿನುಗುವುದಿಲ್ಲ. ಊರಿನ ಆವಿಗೆಯ ಬಿಸಿ ಅಷ್ಟು ಏರದು. ಆದುದರಿಂದಲೇ ನಮ್ಮ ಗಡಿಗೆಯಲ್ಲಿ ಸಣ್ಣ ರಂಧ್ರಗಳು ಉಳಿದು, ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುತ್ತದೆ. ಇದು ಕುಂದಲ್ಲ, ಅದರ ಗುಣವೇ.

ರಜೆಯ ಕೊನೆಗೆ, ಸುಟ್ಟ ಒಂದು ಕುಡಿಕೆಯೊಡನೆ ಊರಿಗೆ ಹೋದೆ. ತಂದೆಯವರ ಮುಖ ಕಪ್ಪಿಟ್ಟಿತು. “ಇದನ್ನ ಬಿಡಿಸೋಕೇ ಅಲ್ಲವೇನೋ ನಿನ್ನ ಕಾಲೇಜಿಗೆ ಕಳಿಸಿದ್ದು?” ಎಂದರು. ನಾನು ಮಾತನಾಡಲಿಲ್ಲ. ರಾತ್ರಿ ಊಟವಾದಮೇಲೆ ನೋಡುತ್ತೇನೆ, ಅವರು ದೀಪದ ಕೆಳಗೆ ಕುಡಿಕೆಯನ್ನು ಹಿಡಿದು ಬೆರಳಿನಿಂದ ತಟ್ಟಿ ಕೇಳುತ್ತಿದ್ದಾರೆ. “ಅಡಿ ದಪ್ಪ ಆಯ್ತು. ಗೋಡೆ ಮೊದಲು ಒಣಗುತ್ತೆ, ಅಡಿ ಆಮೇಲೆ, ಬಿರುಕು ಬಿಡದೆ ಇದ್ದದ್ದು ನಿನ್ನ ಪುಣ್ಯ” ಎಂದರು. ಮರುದಿನ ಹಿತ್ತಿಲಿನ ತಿಗರಿಯ ಮೇಲಿನ ಸೌದೆಯನ್ನು ಇಬ್ಬರೂ ಸೇರಿ ತೆಗೆದೆವು.

ನಗರದಲ್ಲಿ ಗುರುವನ್ನು ಅರಸುವ ಸಹಪಾಠಿಗಳಿಗೆ ಮೇಲಿನ ವಿವರಗಳು ಉಪಯೋಗಕ್ಕೆ ಬಂದಾವು. ಆದರೆ ಹೊರಡುವ ಮುನ್ನ ಒಮ್ಮೆ ತಮ್ಮ ಮನೆಯ, ತಮ್ಮ ಊರಿನ ಹಿರಿಯರ ಕೈಗಳನ್ನು ನೋಡಿರಿ. ಇಂಥ ತರಗತಿ ಅಲ್ಲಿಯೇ ಇದ್ದು, ವಿದ್ಯಾರ್ಥಿ ಮಾತ್ರ ಬಂದಿಲ್ಲದಿರಬಹುದು.