ಬೋರೆ ಹಣ್ಣಿನ ಕೈತೋಟ ಬೇಸಾಯ

ಬೋರೆ (ಸಸ್ಯಶಾಸ್ತ್ರೀಯ ಹೆಸರು: ಜಿಜಿಫಸ್ ಮಾರಿಷಿಯಾನ) ರಾಮ್ನೇಸಿ ಕುಟುಂಬಕ್ಕೆ ಸೇರಿದ ಮುಳ್ಳುಳ್ಳ ಹಣ್ಣಿನ ಮರ. ಎಲಚಿ, ಬಾರೆ ಎಂಬ ಹೆಸರುಗಳೂ ಇದಕ್ಕಿವೆ. ಇಂಗ್ಲಿಷಿನಲ್ಲಿ ಇದನ್ನು ‘ಇಂಡಿಯನ್ ಪ್ಲಮ್’ ಎಂದು ಕರೆಯುವುದುಂಟು. ಆದರೆ ಗುಲಾಬಿ ಕುಟುಂಬದ ಜಪಾನಿ ಪ್ಲಮ್ ಬೇರೆಯೇ ಜಾತಿ. ಜಪಾನಿ ಪ್ಲಮ್‌ನ ಮೊಗ್ಗುಗಳು ಅರಳಲು ಚಳಿಗಾಲದಲ್ಲಿ ದೀರ್ಘಕಾಲದ ಶೀತ ಬೇಕಾಗುವುದರಿಂದ ಭಾರತದಲ್ಲಿ ಅದನ್ನು ಹಿಮಾಚಲ ಪ್ರದೇಶ, ಕಾಶ್ಮೀರ, ನೀಲಗಿರಿಯಂತಹ ಎತ್ತರದ ಸೀಮೆಗಳಲ್ಲಿ ಬೆಳೆಯುತ್ತಾರೆ. ಹಾವೇರಿ ಜಿಲ್ಲೆಯ ಹುಲಗೂರು, ಸವಣೂರು ಮೊದಲಾದ ಬಯಲು ಊರುಗಳ ಹಿತ್ತಲಿಗೆ ಬೋರೆಯೇ ಹೆಚ್ಚು ಸೂಕ್ತ.

ವಾಯುಗುಣ ಮತ್ತು ಮಣ್ಣು

ಬೋರೆಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಎಲೆಯುದುರಿಸಿ ಮರವು ವಿಶ್ರಾಂತಿ ಪಡೆಯುತ್ತದೆ. ಈ ಕಾರಣಗಳಿಂದ ಮಳೆ ಕಡಿಮೆಯಾದ ವರ್ಷದಲ್ಲಿಯೂ ಅದು ಬದುಕುಳಿಯುತ್ತದೆ. ಕೆಂಪು, ಕಪ್ಪು ಮಣ್ಣುಗಳೆರಡರಲ್ಲಿಯೂ ಬೆಳೆಯುತ್ತದೆ.

ನಾಟಿ ಮತ್ತು ಕಸಿ

ಬೀಜದಿಂದ ಬೆಳೆದ ಗಿಡಗಳ ಹಣ್ಣಿನ ಗುಣ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ಕಾಡು ಬೋರೆಯ ಸಸಿಗೆ ಉಮ್ರಾನ್, ಗೋಲಾ, ಸೇಬ್ ಮೊದಲಾದ ತಳಿಗಳ ಕಣ್ಣು ಕಸಿ ಮಾಡುತ್ತಾರೆ. ಮಳೆಗಾಲದ ಆರಂಭದಲ್ಲಿ ಸುಮಾರು 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಗಿಡ ನೆಡಬೇಕು. ಗಿಡಗಳ ನಡುವೆ 6ರಿಂದ 8 ಮೀ. ಅಂತರವಿರಬೇಕು. ಕೆಲವು ತಳಿಗಳು ಸ್ವಕೀಯ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಎರಡು ತಳಿಗಳನ್ನು ನೆಡುವುದು ಉತ್ತಮ.

ಕಸಿಯ ಕೆಳಗಿನಿಂದ ಹೊರಡುವ ಚಿಗುರುಗಳನ್ನು ಆಗಾಗ ತೆಗೆಯಬೇಕು. ಹಾಗೆಯೇ ಬಿಟ್ಟರೆ ಕಾಡು ಬೋರೆಯೇ ಬಲಿತು, ಕಸಿ ಮಾಡಿದ ಭಾಗ ಸೊರಗುತ್ತದೆ. ಕಾಲಕ್ರಮದಲ್ಲಿ ಸಣ್ಣ, ಹುಳಿ ಹಣ್ಣುಗಳಷ್ಟೇ ದೊರೆಯುತ್ತವೆ.

ಸವರುವಿಕೆ

ಬೋರೆಯ ಹೂಗಳು ಆಯಾ ವರ್ಷದ ಹೊಸ ಚಿಗುರಿನ ಎಲೆಗಳ ಕಂಕುಳಲ್ಲಿ ಬಿಡುತ್ತವೆ. ಆದ್ದರಿಂದ ಪ್ರತಿ ವರ್ಷ ಸವರುವುದು ಈ ಬೇಸಾಯದ ಮುಖ್ಯ ಕೆಲಸ. ಹಣ್ಣಿನ ಕಾಲ ಮುಗಿದು ಎಲೆ ಉದುರಿದ ಮೇಲೆ, ಏಪ್ರಿಲ್–ಮೇ ತಿಂಗಳುಗಳಲ್ಲಿ, ಹಿಂದಿನ ವರ್ಷದ ರೆಂಬೆಗಳನ್ನು ಕಾಲು ಭಾಗದಿಂದ ಅರ್ಧದವರೆಗೆ ಕತ್ತರಿಸುತ್ತಾರೆ. ಒಣಗಿದ, ರೋಗ ತಗುಲಿದ ಹಾಗೂ ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಪೂರ್ಣವಾಗಿ ತೆಗೆಯುತ್ತಾರೆ. ಚಿಗುರೊಡೆದ ಬಳಿಕ ತಡವಾಗಿ ಸವರಿದರೆ ಹೂ ಬಿಡಬೇಕಾದ ರೆಂಬೆಗಳೇ ನಷ್ಟವಾಗುತ್ತವೆ.

ಕೀಟ ಮತ್ತು ರೋಗ

ಹಣ್ಣುನೊಣದ ಮರಿಹುಳುಗಳು ತಿರುಳನ್ನು ತಿಂದು ಹಣ್ಣನ್ನು ಕೆಡಿಸುತ್ತವೆ. ಬಿದ್ದ ಹಣ್ಣುಗಳನ್ನು ಆಯ್ದು ನಾಶಪಡಿಸುವುದು, ಬೇಸಿಗೆಯಲ್ಲಿ ಮರದಡಿಯ ಮಣ್ಣನ್ನು ಅಗೆದು ಕೋಶಗಳನ್ನು ಬಿಸಿಲಿಗೆ ಒಡ್ಡುವುದು ಪರಿಣಾಮಕಾರಿ ಕ್ರಮಗಳು. ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಸಿಂಪಡಿಸುತ್ತಾರೆ.

ಕೊಯ್ಲು ಮತ್ತು ಬಳಕೆ

ಸಿಪ್ಪೆ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗಿದಾಗ ಹಣ್ಣು ಕೊಯ್ಯಬೇಕು. ಒಂದೇ ಮರದ ಹಣ್ಣುಗಳು ಒಮ್ಮೆಲೇ ಮಾಗದ ಕಾರಣ ಹಲವು ಬಾರಿ ಕೊಯ್ಲು ಮಾಡಬೇಕಾಗುತ್ತದೆ. ಬೋರೆಯಲ್ಲಿ ‘ಸಿ’ ಜೀವಸತ್ವ ಹೇರಳವಾಗಿದೆ. ಸಂಕ್ರಾಂತಿಯಂದು ಚಿಕ್ಕ ಮಕ್ಕಳಿಗೆ ಎಲಚಿ ಹಣ್ಣು, ಕಬ್ಬಿನ ತುಂಡು ಹಾಗೂ ನಾಣ್ಯಗಳನ್ನು ತಲೆಯ ಮೇಲಿಂದ ಎರೆಯುವ ಪದ್ಧತಿ ಕರ್ನಾಟಕದ ಹಲವೆಡೆ ಇದೆ.