ಎತ್ತರ ಬೇಕೋ, ಬೆಟ್ಟ ಸಾಕೋ?

ಕನಕಪುರ ತಾಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಏಸುವಿನ ಪ್ರತಿಮೆಗೆ 2019ರ ಕ್ರಿಸ್‌ಮಸ್‌ ದಿನ ಅಡಿಗಲ್ಲು ಬಿತ್ತು. ಮರುತಿಂಗಳೇ ವಿರೋಧದ ಮೆರವಣಿಗೆ ಹೊರಟಿತು. ಅನ್ಯಧರ್ಮದ ಮೂರ್ತಿ ಇಲ್ಲೇಕೆ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಮುರುಡೇಶ್ವರದಲ್ಲಿ 123 ಅಡಿಯ ಶಿವನಿದ್ದಾನೆ, ಶ್ರವಣಬೆಳಗೊಳದಲ್ಲಿ ಗೊಮ್ಮಟನಿದ್ದಾನೆ. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಮೂರ್ತಿಗೆ ಸರ್ಕಾರಿ ಜಾಗ ಕೊಡಬಹುದೇ ಎಂಬ ಪ್ರಶ್ನೆ ಮಾತ್ರ ಗಟ್ಟಿ, ಅದನ್ನು ಯಾವ ದೇವರ ವಿಷಯದಲ್ಲೂ ಕೇಳಲೇಬೇಕು.

ಆದರೆ ಇಷ್ಟು ಎತ್ತರವೇಕೆ? ಗಂಗಾವತಿ ತಾಲೂಕಿನ ಅಂಜನಾದ್ರಿ ನೋಡಿ. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದವರಿಗೆ ಸಿಗುವುದು ಬೆಳ್ಳಗಿನ ಪುಟ್ಟ ಗುಡಿ. ಕೆಳಗೆ ತುಂಗಭದ್ರೆ, ಗುಂಡುಕಲ್ಲು, ಗದ್ದೆಯ ಹಸಿರು. ಹನುಮ ಹುಟ್ಟಿದ ನೆಲವೆಂಬ ನಂಬಿಕೆಗೆ ಅಲ್ಲಿ ಬೆಟ್ಟವೇ ಸಾಕಾಗಿದೆ. ಇನ್ನು ಕಪಾಲಬೆಟ್ಟದ ಹೆಸರನ್ನೇ ನೋಡಿ: ಕಪಾಲವೆಂದರೆ ತಲೆಬುರುಡೆ, ಏಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೂ ಅದೇ ಅರ್ಥ. ಹಾರೋಬೆಲೆಯಲ್ಲೂ ಬೆಟ್ಟವೇ ಕಥೆ ಹೇಳುತ್ತಿದೆ.